ಎಡಬದಿಯ ಸ್ವಿಚ್ಚು

ನನ್ನ ಜೀಪಿನ ಹಿಂದಿನ ಮೆಟ್ಟಿಲು ಎಡಗಡೆಗೆ ಬಗ್ಗಿದೆ. ಕಾಸರಗೋಡಿನ ಹತ್ತಿರ ನಾಯ್ಮಾರ್ಮೂಲೆಯಲ್ಲಿ ಗ್ಯಾರೇಜು ಇಟ್ಟಿರುವ ಅಶ್ರಫ್ ಈ ಸಲ ಮಳೆ ಶುರುವಾದಾಗ ಜೀಪಿನ ಅಡಿಗೆ ಮಲಗಿಕೊಂಡು, ಕೈಯಲ್ಲಿದ್ದ ಸ್ಪಾನರಿನಿಂದ ಅದನ್ನು ಟಣ್ ಟಣ್ ಎಂದು ಬಡಿದು, "ಶ್ರೀಧರಣ್ಣ, ಹೇಗೂ ಗಾಡಿ ಬಿಚ್ಲಿಕ್ಕುಂಟಲ್ಲ, ಇದನ್ನೂ ಒಮ್ಮೆ ನೆಟ್ಟಗೆ ಮಾಡಿಬಿಡ್ಲಾ?" ಎಂದು ಕೇಳಿದ.

"ಬೇಡ ಮಾರಾಯ, ಅದು ಹಾಗೇ ಇರ್ಲಿ" ಎಂದೆ.

"ನೋಡ್ಲಿಕ್ಕೆ ಚಂದ ಇಲ್ಲ."

"ನಾನೂ ಚಂದ ಇಲ್ಲ. ಇರ್ಲಿ ಬಿಡು."

ಅವನಿಗೆ ವಿಷಯ ಗೊತ್ತಿಲ್ಲ. ಆ ಮೆಟ್ಟಿಲು ಬಗ್ಗಿದ್ದು ನನ್ನ ಭಾರಕ್ಕೆ. ಜೀಪು ನನ್ನ ಹೆಸರಿಗೆ ಆಗಿರುವುದು ಈಚೆಗೆ, ಆದರೆ ಅದರ ಮೇಲೆ ನನ್ನ ಗುರುತು ಬಿದ್ದದ್ದು ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ. ಅದನ್ನು ಹೇಳುವ ಮೊದಲು ನಾನು ಎಂಥ ಮನುಷ್ಯ ಎಂಬುದನ್ನು ನಿಮಗೆ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಜೀಪಿನ ಹೊಟ್ಟೆಯೊಳಗಿನ ಒಂದು ಗಿಯರಿನ ಗಡ್ಡೆಗಾಗಿ ಒಬ್ಬ ದೊಡ್ಡ ಗಂಡಸು ಮಳೆಗಾಲದ ನೆಮ್ಮದಿ ಕಳೆದುಕೊಂಡನೇ ಎಂದು ನೀವು ನಕ್ಕೀರಿ.

ಮುಳ್ಳೇರಿಯ ಪೇಟೆಯಲ್ಲಿ ನನ್ನದೊಂದು ಔಷಧಿ ಅಂಗಡಿ. ಹೆದರಿಕೆ ನನ್ನ ಹುಟ್ಟುಗುಣ. ಸಂಜೆ ಅಂಗಡಿಗೆ ಬೀಗ ಹಾಕಿ, ಜಗ್ಗಿ ನೋಡಿ, ರಸ್ತೆ ದಾಟಿ, ಪುನಃ ಬಂದು ಜಗ್ಗುತ್ತೇನೆ. ನಾನು ತಿರುಗಿ ಬರುವುದನ್ನು ಕಂಡ ಕೂಡಲೇ ಎದುರಿನ ಹೋಟೆಲಿನವರು "ಬೀಗ ಬಿದ್ದಿದೆ, ನಾವೇ ನೋಡಿದ್ದೇವೆ" ಎಂದು ಅಲ್ಲಿಂದಲೇ ಕೂಗುತ್ತಾರೆ. ಆದರೂ ಜಗ್ಗದೆ ಇರಲಾಗುವುದಿಲ್ಲ. ಮಾತ್ರೆ ತೆಗೆದುಕೊಂಡು ಹೋದ ಗಿರಾಕಿಯ ಹಿಂದೆ ಬಸ್ ಸ್ಟ್ಯಾಂಡಿನವರೆಗೆ ಓಡಿ, "ಒಮ್ಮೆ ಆ ಪೊಟ್ಟಣ ತೋರಿಸಿ" ಎಂದು ಬಸ್ಸು ನಿಲ್ಲಿಸಿದ್ದೂ ಉಂಟು. ಮಾತ್ರೆ ಸರಿಯಾಗಿಯೇ ಇತ್ತು. ಕಂಡಕ್ಟರ್ ಮಾತ್ರ ಇವತ್ತಿಗೂ ನನ್ನನ್ನು ಕಂಡರೆ ಬಸ್ಸಿನ ಬಾಗಿಲು ಬೇಗ ಎಳೆದುಕೊಳ್ಳುತ್ತಾನೆ.

ಇಂಥವನು ಗುಡ್ಡದ ದಾರಿಯಲ್ಲಿ ಜೀಪು ಬಿಡುತ್ತೇನೆಂದರೆ ನನ್ನ ಹೆಂಡತಿ ಸುಮತಿಗೇ ನಂಬಿಕೆ ಇಲ್ಲ. "ನೀವು ಸ್ಕೂಟರನ್ನು ಅಂಗಳದಲ್ಲಿ ತಿರುಗಿಸುವಾಗಲೂ ಹಾರನ್ ಹೊಡಿತೀರಿ" ಎನ್ನುತ್ತಾಳೆ. ಅದು ಸತ್ಯ. ನಮ್ಮ ಅಂಗಳದಲ್ಲಿ ಕೋಳಿಗಳು ಉಂಟು.

ಈಗ ಜೀಪಿಗೆ ಬರುತ್ತೇನೆ. ಚಿಕ್ಕಂದಿನಲ್ಲಿ ನಮ್ಮ ಮನೆ ಪೇಟೆಯಲ್ಲಿ ಇರಲಿಲ್ಲ. ಗುಡ್ಡದ ನೆತ್ತಿ ಕಳೆದು ಆಚೆ ಬದಿಗೆ ಇಳಿದರೆ ಸಿಗುವ ತಗ್ಗಿನಲ್ಲಿತ್ತು. ಅಲ್ಲಿಗೆ ಬರುತ್ತಿದ್ದದ್ದು ಒಂದೇ ಒಂದು ವಾಹನ, ಐತಪ್ಪಣ್ಣನ ಲೈನ್ ಜೀಪು. ಲೈನ್ ಜೀಪು ಅಂದರೆ ಬಸ್ಸಿನ ಹಾಗೆ ದಾರಿಯುದ್ದಕ್ಕೂ ಜನ ಹತ್ತಿಸಿಕೊಳ್ಳುವ ಜೀಪು. ಒದ್ದೆ ಟರ್ಪಾಲಿನ ವಾಸನೆ, ಯಾರದೋ ಬುಟ್ಟಿಯ ಒಣಮೀನು, ಯಾರದೋ ಮಡಿಲಿನ ಹಲಸಿನ ಹಣ್ಣು, ಡೀಸೆಲ್ಲು, ಎಲೆಯಡಿಕೆ. ಇವೆಲ್ಲ ಸೇರಿದ ಒಂದು ಘಮ ಇತ್ತು. ಈಗಲೂ ಮಳೆ ಬಂದ ಮರುದಿನ ಬಾಗಿಲು ತೆರೆದರೆ ಅದರ ಒಂದು ಎಳೆ ಮೂಗಿಗೆ ಬಡಿಯುತ್ತದೆ. ಒಣಮೀನು ಹೋಗಿ ವರ್ಷಗಳೇ ಆದವು, ವಾಸನೆ ಮಾತ್ರ ಸೀಟು ಬಿಟ್ಟು ಇಳಿದಿಲ್ಲ.

ಆ ಜೀಪಿನಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದನ್ನು ಕೂರುವವರು ತೀರ್ಮಾನಿಸುವಂತಿರಲಿಲ್ಲ. ಐತಪ್ಪಣ್ಣ ಸ್ಟಿಯರಿಂಗ್ ಹಿಡಿದುಕೊಂಡೇ ಒಬ್ಬೊಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಜಾಗ ಹೇಳುತ್ತಿದ್ದ. ಅವನು ನೋಡುತ್ತಿದ್ದದ್ದು ತೂಕ. ಪೂಜೆಗೆ ಹೊರಟ ಭಟ್ಟರು ಸಪೂರವಾಗಿದ್ದರೆ ಮಧ್ಯಕ್ಕೆ, ಮೀನಿನ ಬುಟ್ಟಿಯ ಹೆಂಗಸು ಗಟ್ಟಿಮುಟ್ಟಾಗಿದ್ದರೆ ಎಡದ ಮೂಲೆಗೆ. ಜಾತಿ, ಪ್ರಾಯ, ಮರ್ಯಾದೆ ಯಾವುದೂ ಅಲ್ಲಿ ನಡೆಯುತ್ತಿರಲಿಲ್ಲ. ಊರಿನ ದೊಡ್ಡ ಕುಳವೊಬ್ಬರು ಮುಂದಿನ ಸೀಟೇ ಬೇಕೆಂದು ಹಟ ಹಿಡಿದಾಗ, "ಧನಿಗಳು ಮುಂದೆ ಕೂತ್ರೆ ಜೀಪು ಇಲ್ಲೇ ಕೂರ್ತದೆ" ಎಂದು ಇಂಜಿನು ನಿಲ್ಲಿಸಿ ಬೀಡಿ ಹಚ್ಚಿದ್ದನಂತೆ.

ಇಷ್ಟಕ್ಕೆಲ್ಲ ಕಾರಣ ಒಂದು ತಿರುವು. ನಮ್ಮ ತಗ್ಗಿನಿಂದ ಗುಡ್ಡದ ನೆತ್ತಿಯ ಟಾರು ರಸ್ತೆಗೆ ಹತ್ತುವಾಗ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಒಂದು ಹಾಸು ಮಾರ್ಗಕ್ಕೆ ಅಡ್ಡ ಬಂದಿದೆ. ಅದರ ಒಂದು ಬದಿ ಎತ್ತರ, ಇನ್ನೊಂದು ಬದಿ ನೀರು ಹರಿದು ಕೊರೆದ ಹೊಂಡ. ಅಲ್ಲಿ ಮುಂದಿನ ಬಲಚಕ್ರ ಹೊಂಡದಲ್ಲಿ ಜಾರುವುದಕ್ಕೂ ಹಿಂದಿನ ಎಡಚಕ್ರ ಮೇಲೆದ್ದು ಗಾಳಿಯಲ್ಲಿ ತಿರುಗುವುದಕ್ಕೂ ಸರಿಹೋಗುತ್ತಿತ್ತು. ನಾಲ್ಕು ಚಕ್ರಕ್ಕೂ ಬಲ ಹೋಗುವ ಜೀಪು ಎಂದು ಹೆಸರು ಮಾತ್ರ. ಇಂಜಿನಿನ ಬಲವೆಲ್ಲ ಯಾವ ಚಕ್ರಕ್ಕೆ ಹಿಡಿತ ಇಲ್ಲವೋ ಅದಕ್ಕೇ ಹೋಗಿ, ನೆಲ ಮುಟ್ಟಿದ ಚಕ್ರ ಸುಮ್ಮನೆ ನಿಂತಿರುತ್ತಿತ್ತು. ಆಗ ಐತಪ್ಪಣ್ಣ ಹಿಂದೆ ನೋಡದೆಯೇ ಕೂಗುತ್ತಿದ್ದ.

"ಗುಂಡಾ, ಹಿಂದೆ!"

ಗುಂಡ ಎಂದರೆ ನಾನು. ಶಾಲೆಯ ಓಟದಲ್ಲಿ ಕೊನೆಯವನು, ಕಬಡ್ಡಿಯಲ್ಲಿ ಯಾರಿಗೂ ಬೇಡದವನು, ಹೊಳೆ ದಾಟುವ ಪಾಪು, ಅಂದರೆ ಮರದ ಕಾಲುಸೇತುವೆಯ ಮೇಲೆ ಒಬ್ಬನೇ ಹೋಗಬೇಕಾದವನು. ಲೋಕದಲ್ಲಿ ನನ್ನ ದಪ್ಪಕ್ಕೆ ಬೆಲೆ ಇದ್ದದ್ದು ಆ ತಿರುವಿನಲ್ಲಿ ಮಾತ್ರ. ನಾನು ಸ್ಲೇಟು ಚೀಲ ಪಕ್ಕದವರಿಗೆ ಕೊಟ್ಟು, ಹೊರಗೆ ಹೋಗಿ, ಹಿಂದಿನ ಮೆಟ್ಟಿಲಿನ ಎಡತುದಿಯಲ್ಲಿ ನಿಂತು, ಟರ್ಪಾಲಿನ ಕಂಬಿ ಹಿಡಿದು ಕೆಳಕ್ಕೆ ಒತ್ತುತ್ತಿದ್ದೆ. ಚಕ್ರ ನೆಲ ಮುಟ್ಟುತ್ತಿತ್ತು, ಜೀಪು ಗುಟುರು ಹಾಕಿ ಮೇಲೆ ಹತ್ತುತ್ತಿತ್ತು. ಕೆಂಪು ನೀರು ನನ್ನ ಬಿಳಿ ಅಂಗಿಗೆ ಹಾರುತ್ತಿತ್ತು. ಟಾರು ಸಿಕ್ಕಿದ ಮೇಲೆ "ಗುಂಡಾ, ಒಳಗೆ ಬಾ" ಎಂಬ ಅಪ್ಪಣೆ. ಒಳಗೆ ಬಂದರೆ ಹೆಂಗಸರು ಸರಿದು ಜಾಗ ಕೊಡುತ್ತಿದ್ದರು. ಬಟ್ಟೆ ಒಗೆಯುವ ಅಮ್ಮ ಬಿಟ್ಟು ಬೇರೆ ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಮೆಟ್ಟಿಲು ಬಗ್ಗಿದ್ದು ಹೀಗೆ.

ಈಗ ನಮ್ಮ ಮನೆ ಪೇಟೆಯಲ್ಲಿ. ಐತಪ್ಪಣ್ಣನ ಮನೆ ಆ ತಗ್ಗಿನಲ್ಲೇ ಉಂಟು. ಅವನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಜೀಪು ಬಿಡಬಾರದು ಎಂದು ಡಾಕ್ಟರು ಹೇಳಿದರು. ಜೀಪು ಅವನ ಶೆಡ್ಡಿನಲ್ಲಿ ಮುಸುಕು ಹಾಕಿ ಮಲಗಿತು. ವಾರಕ್ಕೆ ಎರಡು ಸಲ ಕಾಸರಗೋಡಿನ ಆಸ್ಪತ್ರೆಗೆ ಡಯಾಲಿಸಿಸಿಗೆ ಹೋಗಬೇಕು. ಮಳೆ ಹಿಡಿದರೆ ಆ ತಿರುವಿಗೆ ಆಟೋದವರು ಬರುವುದಿಲ್ಲ. ಅವನ ಮಗ ಬಸ್ಸಿನ ಕಂಡಕ್ಟರು, ಬೆಳಗ್ಗಿನ ಮೊದಲ ಟ್ರಿಪ್ಪಿಗೇ ಹೋಗಿಬಿಡುತ್ತಾನೆ. ಮಾತ್ರೆ ತೆಗೆದುಕೊಂಡು ಹೋಗಲು ಅಂಗಡಿಗೆ ಬಂದ ಐತಪ್ಪಣ್ಣನ ಹೆಂಡತಿ ಕಮಲಕ್ಕ, "ಜೀಪು ಕೊಡುವ ಅಂತ ಹೇಳ್ತಾರೆ. ಯಾರಿಗೆ ಕೊಡುದು, ಗೊತ್ತಿಲ್ಲದವರಿಗೆ ಕೊಟ್ರೆ ಇವರು ಊಟ ಬಿಡ್ತಾರೆ" ಎಂದಳು. ನನ್ನ ಬಾಯಿಂದ "ನಾನು ತೆಗೊಳ್ತೇನೆ" ಎಂಬ ಮಾತು ಹೊರಬಿದ್ದುಹೋಯಿತು. ಹೇಳಿದ್ದು ಹೇಳಿಯಾಗಿತ್ತು.

ಹಾಗಾಗಿ ಜೀಪು ನನ್ನದು, ಮಲಗುವುದು ಅವನ ಶೆಡ್ಡಿನಲ್ಲಿ. ಡಯಾಲಿಸಿಸಿನ ದಿನ ಅಂಗಡಿಗೆ ಸುಮತಿಯನ್ನು ಕೂರಿಸಿ ನಾನು ಸ್ಕೂಟರಿನಲ್ಲಿ ಅವನ ಮನೆಗೆ ಹೋಗುತ್ತೇನೆ. ಅಲ್ಲಿಂದ ಜೀಪಿನಲ್ಲಿ ಅವನನ್ನು ಕರೆದುಕೊಂಡು ಹೊರಟು, ಸಂಜೆ ಅವನನ್ನೂ ಜೀಪನ್ನೂ ಒಟ್ಟಿಗೇ ಮನೆ ಮುಟ್ಟಿಸಿ ಸ್ಕೂಟರಿನಲ್ಲಿ ವಾಪಸು. ಎಡಬದಿಯ ಸೀಟಿನಲ್ಲಿ ಅವನು ಕೂತಿರುವಾಗ ಜೀಪು ಬಿಡುವುದೆಂದರೆ, ಮಾವನ ಮನೆಯಲ್ಲಿ ಮಾವನ ಎದುರೇ ಅಡುಗೆ ಮಾಡಿ ಬಡಿಸಿದ ಹಾಗೆ. ನಾನು ಗಿಯರ್ ಹಾಕಿದಾಗಲೆಲ್ಲ ಅವನ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತುತ್ತದೆ. "ನಿಧಾನ", "ಈಗ ಬಿಡು", "ಇಂಜಿನನ್ನು ಯಾಕೆ ಅಳಿಸ್ತಿ?" ಇಷ್ಟೇ ಮಾತು.

ಈ ಮಳೆಗಾಲದ ಶುರುವಿಗೆ ಒಂದು ಬೆಳಿಗ್ಗೆ, ನಾನು ಹೆದರುತ್ತಿದ್ದದ್ದು ಆಗಿಯೇ ಹೋಯಿತು. ಮುರಕಲ್ಲಿನ ತಿರುವಿನಲ್ಲಿ ಜೀಪು ಸಿಕ್ಕಿಬಿತ್ತು. ಹಿಂದಿನ ಎಡಚಕ್ರ ಗಾಳಿಯಲ್ಲಿ ಬುರ್ರೆಂದು ತಿರುಗಿತು. ಇನ್ನಷ್ಟು ಒತ್ತಿದೆ, ಇನ್ನಷ್ಟು ತಿರುಗಿತು. ಆಸ್ಪತ್ರೆಯಲ್ಲಿ ಮೆಷಿನು ನಮಗಾಗಿ ಕಾಯುತ್ತಾ ಕೂರುವುದಿಲ್ಲ, ನಮ್ಮ ನಂತರ ಇನ್ನೊಬ್ಬರ ಸರದಿ. ಹಿಂದಿನ ಡಯಾಲಿಸಿಸಿನ ನಂತರ ಕುಡಿದ ನೀರೆಲ್ಲ ಅವನ ಮೈಯಲ್ಲೇ ನಿಂತು ಕಾಲು ಊದಿಕೊಂಡಿತ್ತು. ಉಸಿರು ಕೂಡ ಗಟ್ಟಿಯಾಗಿ ಕೇಳುತ್ತಿತ್ತು.

ಐತಪ್ಪಣ್ಣ ನನ್ನ ಕಡೆಗೆ ತಿರುಗಿ, "ಗುಂಡಾ, ನೀನು ಇಲ್ಲಿ ಕೂತ್ರೆ ಹಿಂದೆ ನಿಲ್ಲುದು ಯಾರು?" ಎಂದ.

ಹಾಗೆ ಕೇಳುತ್ತಲೇ ಅವನು ಬಾಗಿಲು ತೆರೆದು ಇಳಿದಾಗಿತ್ತು. "ಐತಪ್ಪಣ್ಣ, ಬೇಡ, ಬೇಡ ಹೇಳ್ತೇನೆ" ಎಂದು ನಾನು ಕೂಗುತ್ತಿದ್ದ ಹಾಗೆಯೇ ಅವನು ಜೀಪಿನ ಮೈ ಹಿಡಿದುಕೊಂಡು ಹಿಂದೆ ಹೋಗಿ, ನಾನು ನಿಲ್ಲುತ್ತಿದ್ದ ಆ ಬಗ್ಗಿದ ತುದಿಯಲ್ಲಿ ನಿಂತ. ಕನ್ನಡಿಯಲ್ಲಿ ಅವನ ಮುಖ ಕಂಡಿತು. "ಈಗ ಬಿಡು" ಎಂದ. ಕ್ಲಚ್ಚು ಬಿಟ್ಟೆ. ಚಕ್ರ ತಿರುಗಿತು, ಜೀಪು ಕದಲಲಿಲ್ಲ. ಊದಿದ್ದು ಕಾಲು ಮಾತ್ರ, ಮನುಷ್ಯ ಬತ್ತಿಹೋಗಿದ್ದ. ಊರಿನ ಜನರನ್ನೆಲ್ಲ ಕಣ್ಣಳತೆಯಲ್ಲಿ ತೂಗಿ ಕೂರಿಸುತ್ತಿದ್ದವನು ತಾನು ನಿಂತರೂ ಸ್ಪ್ರಿಂಗು ಒಂದಿಷ್ಟೂ ತಗ್ಗಲಿಲ್ಲ ಎಂಬುದನ್ನು ಕಾಲಡಿಯಲ್ಲೇ ತಿಳಿದುಕೊಂಡ. ಅವನ ಮುಖ ನೋಡಲಾಗದೆ ನಾನು ಕನ್ನಡಿಯಿಂದ ಕಣ್ಣು ತೆಗೆದೆ.

ರಬ್ಬರ್ ಟ್ಯಾಪಿಂಗಿನವರು ಆ ದಾರಿಯಾಗಿ ಬಂದು, ಹಿಂದೆ ಹತ್ತಿ ನಿಂತು, ನಮ್ಮನ್ನು ಮೇಲೆ ದಾಟಿಸಿದರು. ಆಸ್ಪತ್ರೆಗೆ ತಡವಾಗಿ ಮುಟ್ಟಿದೆವು. ಅಲ್ಲಿಯ ಸಿಸ್ಟರ್ ಹೇಗೋ ಮಾಡಿ ಜಾಗ ಮಾಡಿಕೊಟ್ಟರು. "ಯಾವಾಗಲೂ ಹೀಗೆ ಆಗ್ಲಿಕ್ಕಿಲ್ಲ ಕೇಟ್ಟೋ, ಹೊತ್ತಿಗೆ ಬರಬೇಕು" ಎಂದು ಮಲಯಾಳ ಬೆರೆಸಿ ಹೇಳಿದರು. ಅವರು ಹೇಳಿದ್ದು ಮೆತ್ತಗೆಯೇ. ನನ್ನ ಕಿವಿಯಲ್ಲಿ ಮಾತ್ರ ಅದು ದಿನವಿಡೀ ಬಡಿಯುತ್ತಿತ್ತು.

ಅಶ್ರಫಿನ ಹತ್ತಿರ ಹೋದದ್ದು ಇದಕ್ಕೆ. ಅವನು ಮೊಗ್ರಾಲಿನವನು, ಗಲ್ಫಿನ ಗ್ಯಾರೇಜಿನಲ್ಲಿ ಮರಳುಗಾಡಿಗೆ ಹೋಗುವ ಗಾಡಿಗಳ ಕೆಲಸ ಮಾಡಿ ಬಂದವನು. "ನಿಮ್ಮದು ಹಿಂದಿನ ಡಿಫರೆನ್ಷಿಯಲ್ ಬದಲಿಸಿದ್ರೆ ಸರಿಯಾಗುವ ಕತೆ" ಎಂದ. ಎರಡೂ ಹಿಂದಿನ ಚಕ್ರಗಳಿಗೆ ಬಲ ಹಂಚುವ ಗಡ್ಡೆ ಅದು. ಅದರಲ್ಲಿ ಎರಡು ಜಾತಿ ಉಂಟೆಂದು ಅವನು ಹೇಳಿದಲ್ಲಿಂದ ನನ್ನ ಸಂಕಟ ಶುರು.

"ಒಂದು ಲಾಕರ್. ಸ್ವಿಚ್ಚು ಹಾಕಿದ್ರೆ ಎರಡು ಚಕ್ರವೂ ಒಟ್ಟಿಗೇ ತಿರುಗ್ತದೆ. ಒಂದು ಗಾಳಿಯಲ್ಲಿದ್ರೂ ಇನ್ನೊಂದು ಎಳೀತದೆ. ಟಾರಿಗೆ ಬಂದ ಕೂಡ್ಲೆ ತೆಗೀಬೇಕು, ಅಷ್ಟೆ."

"ಮರೆತ್ರೆ?"

"ಮರೀಬಾರದು."

"ಅಲ್ಲ ಅಶ್ರಫ್, ಒಂದು ವೇಳೆ ಮರೆತ್ರೆ?"

"ತಿರುವಿನಲ್ಲಿ ಜೀಪು ತಿರುಗ್ಲಿಕ್ಕೆ ಕೇಳುದಿಲ್ಲ, ನೆಟ್ಟಗೆ ಹೋಗ್ಲಿಕ್ಕೆ ನೋಡ್ತದೆ. ಟಯರು ತೇಯ್ತದೆ. ಆಕ್ಸಿಲೂ ತುಂಡಾದೀತು."

ಗುಡ್ಡದ ನೆತ್ತಿಯಿಂದ ಮುಳ್ಳೇರಿಯಕ್ಕೆ ಇಳಿಯುವ ದಾರಿ ತುಂಬ ತಿರುವುಗಳೇ. ನನಗೆ ಗ್ಯಾರೇಜಿನಲ್ಲಿ ನಿಂತಲ್ಲೇ ಜೀಪು ನೆಟ್ಟಗೆ ಹೋಗುತ್ತಿರುವುದು ಕಂಡಿತು.

"ಇನ್ನೊಂದು?"

"ಲಿಮಿಟೆಡ್ ಸ್ಲಿಪ್. ಸ್ವಿಚ್ಚು ಇಲ್ಲ, ತಲೆಬಿಸಿ ಇಲ್ಲ. ಒಂದು ಚಕ್ರ ಜಾರಿದ್ರೆ ಅದೇ ಇನ್ನೊಂದಕ್ಕೆ ಸ್ವಲ್ಪ ಬಲ ಕೊಡ್ತದೆ. ನೀವು ಎಂತ ಮಾಡುದೂ ಬೇಡ."

"ಅದೇ ಹಾಕು!"

"ನಿಲ್ಲಿ. ಕೆಸರಿಗೆ, ಜಾರುವ ಮಣ್ಣಿಗೆ ಒಳ್ಳೆಯದು. ಚಕ್ರ ಪೂರ್ತಿ ಮೇಲೆದ್ರೆ ಅದು ಕೊಡುವುದು ಸಾಕಾಗ್ಲಿಕ್ಕಿಲ್ಲ. ಬ್ರೇಕ್ ಸ್ವಲ್ಪ ಒತ್ತಿ ಹಿಡಿದು ಎಕ್ಸಲೇಟರ್ ಕೊಟ್ರೆ ಕೆಲವು ಸಲ ಹತ್ತುತ್ತದೆ."

"ಕೆಲವು ಸಲವಾ?"

"ಕೆಲವು ಸಲ."

ನೋಡಿ, ನನ್ನ ಕಷ್ಟ ಇದು. ನನ್ನ ಸ್ವಭಾವಕ್ಕೆ ಸರಿಹೋಗುವುದು ಆ ತಿರುವಿಗೆ ಸಾಲದು. ತಿರುವಿಗೆ ಸರಿಹೋಗುವುದನ್ನು ನನ್ನ ಕೈಗೆ ಕೊಡುವ ಹಾಗಿಲ್ಲ. ಅಂಗಡಿಯಲ್ಲಿ ಕೂತು ಗಿರಾಕಿಗಳ ಹತ್ತಿರ ಇದನ್ನೇ ಮಾತಾಡಿದೆ. ಕೆಮ್ಮಿಗೆ ಸಿರಪ್ ಕೇಳಲು ಬಂದವರು ಲಾಕರಿನ ಗುಣದೋಷ ತಿಳಿದುಕೊಂಡು ಹೋದರು. ಒಬ್ಬರು ಅದು ಬ್ಯಾಂಕಿನ ಲಾಕರೆಂದೇ ತಿಳಿದು, ಬಂಗಾರ ಮನೆಯಲ್ಲಿಡುವುದು ಅಪಾಯ ಎಂದು ಒಳ್ಳೆಯ ಮಾತಿನಲ್ಲಿ ಬುದ್ಧಿ ಹೇಳಿದರು. ಸುಮತಿ ಮಾತ್ರ ಒಂದೇ ಮಾತಿನಲ್ಲಿ ಮುಗಿಸಿದಳು. "ಹಾಕಿದ ಬೀಗವನ್ನು ಹಾಕಿಲ್ಲ ಅಂತ ಹೆದರುವವರು ನೀವು. ತೆಗೆದ ಸ್ವಿಚ್ಚನ್ನು ತೆಗೆದಿಲ್ಲ ಅಂತ ಹೆದರಿ ಪುನಃ ಹಾಕಿಬಿಡ್ತೀರಿ." ಹೌದಲ್ಲ ಎನ್ನಿಸಿತು. ಅಷ್ಟರವರೆಗೆ ನಾನು ಮರೆವಿಗೆ ಮಾತ್ರ ಹೆದರಿದ್ದೆ.

ಡಯಾಲಿಸಿಸ್ ಮುಗಿಸಿ ಬರುವಾಗ ಒಂದು ದಿನ ಗ್ಯಾರೇಜಿನ ಎದುರು ಜೀಪು ನಿಲ್ಲಿಸಿದೆ. ಐತಪ್ಪಣ್ಣ ಸುಸ್ತಾಗಿ ಸೀಟಿಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದ. ನಾನು ಕಿಟಕಿಯ ಪಕ್ಕದಲ್ಲೇ ನಿಂತು ಅಶ್ರಫಿನ ಹತ್ತಿರ ಪುನಃ ಅದೇ ಪ್ರಶ್ನೆಗಳನ್ನು ಕೇಳಿದೆ. ಅವನೂ ಅದೇ ಉತ್ತರಗಳನ್ನು ಕೊಟ್ಟ. "ಶ್ರೀಧರಣ್ಣ, ನಿಮಗೆ ಲಿಮಿಟೆಡ್ ಸ್ಲಿಪ್ಪೇ ಆಗಬಹುದು. ಹತ್ತದ ದಿವಸ ಟ್ಯಾಪಿಂಗಿನವರನ್ನು ಕಾಯಿರಿ" ಎಂದು ಕೊನೆಗೆ ಅವನೂ ಬೇಜಾರಿನಿಂದ ಹೇಳಿದ.

"ಅಶ್ರಫೇ." ಐತಪ್ಪಣ್ಣ ಕಣ್ಣು ಬಿಟ್ಟಿರಲಿಲ್ಲ. "ಆ ಸ್ವಿಚ್ಚಿನ ವಯರು ಎಷ್ಟು ಉದ್ದ ಉಂಟು?"

"ಬೇಕಾದಷ್ಟು ಉದ್ದ ಮಾಡುವ. ಎಂತಕ್ಕೆ?"

"ಹಾಗಾದ್ರೆ ಲಾಕರೇ ಹಾಕು. ಸ್ವಿಚ್ಚು ಈ ಬದಿಗೆ ಇರ್ಲಿ, ನನ್ನ ಎದುರಿಗೆ. ಮರೆಯುವವ ಅವನು, ನಾನಲ್ಲ. ಎಡಗೈಗೆ ಸೂಜಿ ಚುಚ್ಚುದು, ಬಲಗೈಗೆ ಎಂತ ಕೆಲಸ ಉಂಟು?"

ಯೋಚಿಸಿದರೆ ಅದರಲ್ಲಿ ತಪ್ಪು ಹುಡುಕಲು ನನ್ನಂಥವನಿಗೂ ಆಗಲಿಲ್ಲ. ಜೀಪು ಆ ಶೆಡ್ಡಿನಿಂದ ಹೊರಡುವುದು ಅವನಿಗಾಗಿ, ತಿರುವು ಹತ್ತುವುದು ಅವನು ಒಳಗೆ ಕೂತಿರುವಾಗ. ಅವನಿಲ್ಲದೆ ಹತ್ತುವ ಸಂದರ್ಭವೇ ಇಲ್ಲ. ಹೀಗೆಂದು ಖುಷಿಯಾದ ಮರುಕ್ಷಣವೇ, ಅವನಿಲ್ಲದೆ ಎಂಬ ಮಾತು ನನ್ನೊಳಗೆ ಸಿಕ್ಕಿಕೊಂಡಿತು. ಜೀಪಿನ ಬಗ್ಗೆ ಇಷ್ಟು ದಿನ ಹೆದರಿದ್ದರಲ್ಲಿ ನಿಜವಾಗಿ ಯಾವುದಕ್ಕೆ ಹೆದರುತ್ತಿದ್ದೆ ಎಂಬುದು ಆಗ ನನಗೆ ಗೊತ್ತಾಯಿತು.

ಜೀಪನ್ನು ಅಲ್ಲೇ ಬಿಟ್ಟು, ಅವತ್ತೂ ಮುಂದಿನ ಸಲವೂ ಬೇರೆ ಜೀಪು ಹಿಡಿದು ಸುಧಾರಿಸಿಕೊಂಡೆವು. ಕೆಲಸ ಮುಗಿದ ದಿನ ಅಶ್ರಫ್ ನನ್ನನ್ನು ಒಂದು ಬದಿಗೆ ಕರೆದು ದನಿ ತಗ್ಗಿಸಿದ. "ನಿಮ್ಮ ಬದಿಗೂ ಒಂದು ಸ್ವಿಚ್ಚು ಕೊಡ್ಲಾ? ದೊಡ್ಡ ಕೆಲಸ ಎಂತ ಇಲ್ಲ. ಮುಂದೆ ಯಾವತ್ತಾದ್ರೂ ನಿಮಗೆ ಬೇಕಾದೀತು."

"ಬೇಡ. ನನಗೆ ಮರೆತುಹೋಗ್ತದೆ" ಎಂದೆ. ಅವನು ಒತ್ತಾಯ ಮಾಡಲಿಲ್ಲ.

ಮೊದಲ ಸಲ ತಿರುವಿಗೆ ಹೋದದ್ದು ಜೋರು ಮಳೆಯ ಬೆಳಿಗ್ಗೆ. ಕಮಲಕ್ಕ ಕೊಡೆ ಹಿಡಿದು ಶೆಡ್ಡಿನ ಎದುರು ನಿಂತಿದ್ದಳು. ಐತಪ್ಪಣ್ಣ ಅಂಗಿಯ ಗುಂಡಿಯನ್ನೆಲ್ಲ ಹಾಕಿ, ತಲೆ ಬಾಚಿ, ಟ್ರಿಪ್ಪಿಗೆ ಹೊರಟವನ ಹಾಗೆ ಕೂತಿದ್ದ. ಮುರಕಲ್ಲು ಎದುರು ಬಂದಾಗ "ನಿಲ್ಲಿಸು" ಎಂದ. ನಿಲ್ಲಿಸಿದೆ. ಬಲಗೈ ಚಾಚಿ ಸ್ವಿಚ್ಚು ಒತ್ತಿದ. "ಈಗ ಬಿಡು." ಹಿಂದಿನ ಎಡಚಕ್ರ ಎಂದಿನಂತೆ ಮೇಲೆದ್ದದ್ದು ಸೀಟಿನಲ್ಲೇ ತಿಳಿಯಿತು. ಆದರೆ ಬಲಚಕ್ರ ಕಲ್ಲನ್ನು ಕಚ್ಚಿ ಹಿಡಿಯಿತು, ಜೀಪು ಒಮ್ಮೆ ವಾಲಿ, ಗುಟುರು ಹಾಕಿ, ಮೇಲೆ ಬಂತು. ಟಾರು ಸಿಕ್ಕಿದ ಕೂಡಲೇ ಅವನ ಕೈ ಸ್ವಿಚ್ಚಿಗೆ ಹೋಯಿತು.

"ತೆಗ್ದೆ" ಎಂದವನು, ಹಿಂದೆ ನೋಡದೆಯೇ, "ಗುಂಡಾ, ಒಳಗೆ ಬಾ" ಎಂದ.

ಹೇಳಿದ್ದು ತಮಾಷೆಗೋ, ಅಭ್ಯಾಸ ಬಲದಿಂದಲೋ ನನಗೆ ಗೊತ್ತಿಲ್ಲ. ವೈಪರು ಹೊಡೆಯುತ್ತಿದ್ದರೂ ದಾರಿ ಸ್ವಲ್ಪ ಹೊತ್ತು ಮಸುಕಾಗಿಯೇ ಕಂಡಿತು.

ಇದು ನಡೆದು ಮಳೆಗಾಲ ಅರ್ಧ ಕಳೆಯಿತು. ಜೀಪು ಒಮ್ಮೆಯೂ ಸಿಕ್ಕಿಬಿದ್ದಿಲ್ಲ, ಆಸ್ಪತ್ರೆಗೆ ತಡವಾಗಿಲ್ಲ. ನಿಮ್ಮ ಹೆದರಿಕೆ ಕಡಿಮೆಯಾಯಿತೇ ಎಂದು ನೀವು ಕೇಳಿದರೆ, ಇಲ್ಲ. ಈಗೀಗ ಮನೆಯಿಂದ ತಿರುವಿಗೆ ಬರುವ ಅಷ್ಟು ಸಣ್ಣ ದಾರಿಯಲ್ಲೇ ಅವನಿಗೆ ಜೊಂಪು ಹತ್ತುತ್ತದೆ. ಆ ಸ್ವಿಚ್ಚು ನಾನು ಸ್ವಲ್ಪ ಬಗ್ಗಿದರೆ ನನ್ನ ಕೈಗೂ ಎಟಕುತ್ತದೆ. ಬಗ್ಗುವುದಿಲ್ಲ. ಮುರಕಲ್ಲಿನ ಕೆಳಗೆ ಜೀಪು ನಿಲ್ಲಿಸುತ್ತೇನೆ.

"ಐತಪ್ಪಣ್ಣ, ತಿರುವು ಬಂತು."

ಕೂಡಲೇ ಉತ್ತರ ಬರುವುದಿಲ್ಲ. ಇಂಜಿನು ಓಡುತ್ತಿರುತ್ತದೆ. ಹೊತ್ತಾಗುತ್ತಿರುತ್ತದೆ. ನಾನು ಅವನ ಬಲಗೈಯನ್ನೇ ನೋಡುತ್ತಾ ಕೂರುತ್ತೇನೆ. ಆಮೇಲೆ ಆ ಕೈ ತೊಡೆಯಿಂದ ಮೆಲ್ಲಗೆ ಏಳುತ್ತದೆ.

"ಕೇಳಿತು ಮಾರಾಯ, ಎಂತಕ್ಕೆ ಹೆದರ್ತಿ?" ಎನ್ನುತ್ತಾನೆ. "ಈಗ ಬಿಡು."